ಮಿಠಾಯಿಯಿಂದ ಮಗುವನ್ನು ಅಳೆಯಬೇಡಿ

ಮಾನ್ಯರೇ,

ಮಗಳ ಶಾಲೆಯ ಪೋಷಕರ ಸಭೆಯಲ್ಲಿ ಭಾಷಣಕಾರರೊಬ್ಬರು, ಮುಂದಿಟ್ಟ ಮಿಠಾಯಿಗೆ ಕೈಚಾಚದೆ ಕಾಯುವ ಮಗುವೇ ಬದುಕಿನಲ್ಲಿ ಗೆಲ್ಲುತ್ತದೆ ಎಂದರು. ನನ್ನ ಪಕ್ಕದಲ್ಲಿದ್ದ ತಾಯಿಯ ಮುಖ ಬಾಡಿತು. ಅವರ ಮಗ ತನಗೆ ಕೊಟ್ಟಿದ್ದ ಚಾಕೊಲೇಟನ್ನು ಆಗಲೇ ತಿಂದು ಮುಗಿಸಿದ್ದ.

ಆ ಮಾತಿನ ಮೂಲ ಮನೋವಿಜ್ಞಾನಿ ವಾಲ್ಟರ್ ಮಿಶೆಲ್ ಅವರ ಪ್ರಯೋಗ: ಈಗಲೇ ತಿಂದರೆ ಒಂದು ಮಿಠಾಯಿ, ಸ್ವಲ್ಪ ಕಾದರೆ ಎರಡು ಎಂದು ಮಕ್ಕಳಿಗೆ ಹೇಳಲಾಗಿತ್ತು; ಕಾದವರು ಮುಂದೆ ಓದಿನಲ್ಲಿ ಮೇಲಿದ್ದರು ಎಂದು ಕಂಡುಬಂತು. ಆದರೆ ಅದರಲ್ಲಿದ್ದವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದ ಮಕ್ಕಳು, ಬಹುಮಟ್ಟಿಗೆ ಅನುಕೂಲಸ್ಥ ಮನೆಗಳವರು. 2018ರಲ್ಲಿ ಪ್ರಕಟವಾದ, 900ಕ್ಕೂ ಹೆಚ್ಚು ಮಕ್ಕಳ ಅಧ್ಯಯನದಲ್ಲಿ ಮನೆಯ ವರಮಾನ, ತಾಯಿಯ ಓದು ಮುಂತಾದವನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಕಾಯುವುದಕ್ಕೂ ಮುಂದಿನ ಓದಿಗೂ ಇರುವ ನಂಟು ಬಹುಪಾಲು ಕರಗಿಹೋಯಿತು. ಡಬ್ಬಿಯಲ್ಲಿಟ್ಟ ತಿಂಡಿ ನಾಳೆಗೆ ಉಳಿಯದ ಮನೆಯ ಮಗು ಇಂದೇ ತಿಂದರೆ ಅದು ದುಡುಕಲ್ಲ, ಬದುಕು ಕಲಿಸಿದ ಜಾಣತನ.

ಇಂಥ ಭಾಷಣ ಏರ್ಪಡಿಸುವ ಶಾಲೆಗಳು, ಆ ಪ್ರಯೋಗಕ್ಕೆ ಕೂತಿದ್ದವರು ಯಾರ ಮಕ್ಕಳು, ಎಷ್ಟು ಮಂದಿ ಎಂದು ಮೊದಲು ಕೇಳಲಿ.

– ಒಬ್ಬ ತಾಯಿ, ಮೈಸೂರು