"ನನಗೆ ಲೆಕ್ಕ ಬರೋದೇ ಇಲ್ಲ" ಎನ್ನುವ ಮಗುವಿನ ಜೊತೆ ಕೂರೋಣ

ಪ್ರೀತಿಯ ಪೋಷಕರೇ,

ನಮಸ್ಕಾರ.

ಹೋದ ವಾರ ನಾಲ್ಕನೇ ತರಗತಿಯ ಒಬ್ಬ ಹುಡುಗಿ ನೋಟ್‌ಬುಕ್ ಎದೆಗೆ ಒತ್ತಿಕೊಂಡು ನನ್ನ ಕೊಠಡಿಯ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಕರೆದು ಪುಟ ತೆರೆಸಿ ನೋಡಿದೆ. ಒಂದು ಕಡೆ ರಬ್ಬರಿನಿಂದ ಉಜ್ಜಿ ಉಜ್ಜಿ ಹಾಳೆಯೇ ಹರಿದಿತ್ತು. "ನನಗೆ ಲೆಕ್ಕ ಬರೋದೇ ಇಲ್ಲ ಮಿಸ್" ಎಂದಳು. ಕಣ್ಣಲ್ಲಿ ನೀರಿರಲಿಲ್ಲ. ಅತ್ತು ಪ್ರಯೋಜನವಿಲ್ಲ ಎಂದು ತೀರ್ಮಾನಿಸಿದವರ ದನಿ ಅದು. ಒಂಬತ್ತು ವರ್ಷದ ಮಗುವಿನ ಬಾಯಲ್ಲಿ ಆ ದನಿ ಕೇಳಿ ನನಗೆ ಸಂಕಟವಾಯಿತು.

ಇಬ್ಬರೂ ಕೂತು ಎಣಿಸಿದೆವು. ಹತ್ತು ಕಳೆಯುವ ಲೆಕ್ಕಗಳಲ್ಲಿ ಆರು ಸರಿ ಇದ್ದವು. ತಪ್ಪಾದ ನಾಲ್ಕರಲ್ಲೂ ಮೇಲಿನ ಸಂಖ್ಯೆಯ ನಡುವೆ ಸೊನ್ನೆ ಇತ್ತು. 403ರಲ್ಲಿ 187 ಕಳೆದರೆ 216 ಉಳಿಯಬೇಕು, ಅವಳಿಗೆ 226 ಬಂದಿತ್ತು. ನೂರರ ಮನೆಯಿಂದ ಕಡ ತಂದು ಸೊನ್ನೆಯನ್ನು ಹತ್ತು ಮಾಡಿದ್ದಳು. ಆ ಹತ್ತರಿಂದ ಒಂದನ್ನು ಬಿಡಿಯ ಮನೆಗೆ ಕೊಟ್ಟ ಮೇಲೆ ಅಲ್ಲಿ ಒಂಬತ್ತೇ ಉಳಿಯುತ್ತೆ ಅನ್ನುವುದನ್ನು ಮರೆತಿದ್ದಳು. ತಪ್ಪು ಇಷ್ಟೇ. "ಹಾಗಾದ್ರೆ ನಿನಗೆ ಬರದೇ ಇರೋದು ಯಾವುದು ಪುಟ್ಟಿ?" ಎಂದು ಕೇಳಿದೆ. ತುಂಬಾ ಹೊತ್ತು ಪುಟವನ್ನೇ ನೋಡಿ, "ಮಧ್ಯದಲ್ಲಿ ಸೊನ್ನೆ ಇದ್ರೆ ಕಡ ತರೋದು" ಎಂದಳು.

ಅವಳು ಮೊದಲು ಹೇಳಿದ್ದಕ್ಕೂ ಆಮೇಲೆ ಹೇಳಿದ್ದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ. ಆ ವ್ಯತ್ಯಾಸದಲ್ಲೇ ಆಶಾವಾದ ಇದೆ, ಅದರ ಬಗ್ಗೆ ಮಾತಾಡಬೇಕು ಅನ್ನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಆಶಾವಾದಿ ಅಂದ ಕೂಡಲೇ ಸದಾ ನಗುವ ಮುಖ ಕಣ್ಣ ಮುಂದೆ ಬರುತ್ತೆ. ಅದು ಹುಟ್ಟುಗುಣ, ಕೆಲವರಿಗೆ ಮಾತ್ರ ಬಂದಿರುತ್ತೆ ಅಂದುಕೊಳ್ಳುತ್ತೇವೆ. ಹುಟ್ಟಿನ ಪಾಲು ಇದೆ ನಿಜ, ಆದರೆ ಕಲಿಕೆಯ ಪಾಲೂ ಇದೆ. ಸೋತಾಗ ನಮಗೆ ನಾವೇ ಏನು ಹೇಳಿಕೊಳ್ಳುತ್ತೇವೆ ಅನ್ನುವುದನ್ನು ಮನಃಶಾಸ್ತ್ರಜ್ಞ ಮಾರ್ಟಿನ್ ಸೆಲಿಗ್‌ಮನ್ ವರ್ಷಗಟ್ಟಲೆ ಅಧ್ಯಯನ ಮಾಡಿದರು. ಈ ಕಷ್ಟ ಎಷ್ಟು ಕಾಲ ಇರುತ್ತೆ? ಬದುಕಿನ ಎಷ್ಟು ಭಾಗಕ್ಕೆ ಹರಡುತ್ತೆ? ತಪ್ಪೆಲ್ಲ ನನ್ನದೇನಾ? ಈ ಮೂರಕ್ಕೆ ಮನಸ್ಸು ಕೊಡುವ ಉತ್ತರ ಮುಖ್ಯ ಎಂದು ಅವರು ಕಂಡುಕೊಂಡರು. "ನನ್ನ ಹಣೆಬರಹವೇ ಇಷ್ಟು" ಎಂದು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ, ಅಲ್ವಾ? ಮೂರಕ್ಕೂ ಅತಿ ಕೆಟ್ಟ ಉತ್ತರ ಆ ಒಂದೇ ಮಾತಿನಲ್ಲಿದೆ. ಅದನ್ನು ಮಕ್ಕಳು ಕೇಳಿಸಿಕೊಳ್ಳುತ್ತಾರೆ.

ಇದೇ ಸೆಲಿಗ್‌ಮನ್ ಮತ್ತು ಸ್ಟೀವನ್ ಮೇಯರ್ 1967ರಲ್ಲಿ ನಾಯಿಗಳ ಮೇಲೆ ಮಾಡಿದ ಪ್ರಯೋಗವನ್ನು ಪ್ರಕಟಿಸಿದ್ದರು. ಏನು ಮಾಡಿದರೂ ನಿಲ್ಲದ ಕರೆಂಟ್ ಹೊಡೆತ ತಿಂದ ನಾಯಿಗಳಲ್ಲಿ ಹಲವು, ಆಮೇಲೆ ಒಂದು ತಡೆಯನ್ನು ಹಾರಿದರೆ ತಪ್ಪಿಸಿಕೊಳ್ಳಬಹುದಾದ ಕಡೆಯಲ್ಲೂ ಸುಮ್ನೆ ಮಲಗಿಬಿಟ್ಟವು. ಓದಿದರೆ ಹೊಟ್ಟೆ ಚುರ್ ಅನ್ನುತ್ತೆ. ಆ ನಾಯಿಗಳು ಅಸಹಾಯಕತೆಯನ್ನು ಕಲಿತವು ಎಂದು ಆಗ ಅವರು ಹೇಳಿದರು. ಆದರೆ ಸುಮಾರು 50 ವರ್ಷ ಕಳೆದು, 2016ರಲ್ಲಿ, ಮೆದುಳಿನ ಬಗ್ಗೆ ಗೊತ್ತಾದ ಹೊಸ ಸಂಗತಿಗಳನ್ನು ಇಟ್ಟುಕೊಂಡು ಆ ಮಾತನ್ನು ಅವರೇ ತಿದ್ದಿದರು. ಕಷ್ಟ ಬಿಡದೆ ಬಡಿದಾಗ ಕೈಚೆಲ್ಲಿ ಕೂರುವುದು ತಾನಾಗಿಯೇ ಬರುತ್ತೆ, ಅದನ್ನು ಕಲಿಯಬೇಕಿಲ್ಲ. ನಾನು ಏನೋ ಮಾಡಿದೆ, ಅದರಿಂದ ಪರಿಸ್ಥಿತಿ ಬದಲಾಯಿತು ಅನ್ನುವುದನ್ನೇ ಕಲಿಯಬೇಕು, ಎಂದರು. ಶಿಕ್ಷಕಿಯಾಗಿ ನನಗೆ ಇದಕ್ಕಿಂತ ಧೈರ್ಯ ಕೊಟ್ಟ ಮಾತು ಕಡಿಮೆ. ಕಲಿಯುವಂಥದ್ದು ಅಂದಮೇಲೆ ಕಲಿಸಬಹುದು.

ಹಾಗಾಗಿ ಒಂದು ಕೋರಿಕೆ. ಮಗುವಿನ ಕೆಲಸವನ್ನು ಪ್ರೀತಿಯಿಂದಲೇ ಆದರೂ ಕಿತ್ತುಕೊಂಡು ಮಾಡಿಕೊಡಬೇಡಿ. ಶೂ ಲೇಸ್ ಕಟ್ಟಲು ಐದು ನಿಮಿಷ ಹಿಡಿದರೆ ಹಿಡಿಯಲಿ. ಗಂಟು ಬಿಗಿದಾಗ ಆ ಮುಖ ನೋಡಿ. ತನ್ನ ಕೈಯಿಂದ ಏನೋ ಆಯಿತು ಅನ್ನುವುದು ಅಲ್ಲಿ ಕಾಣುತ್ತೆ.

ಹೊಗಳುವಾಗಲೂ ಸ್ವಲ್ಪ ಯೋಚಿಸಿ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಐದನೇ ತರಗತಿಯ ಕೆಲವು ಮಕ್ಕಳಿಗೆ "ನೀನು ಜಾಣ" ಎಂದೂ, ಕೆಲವರಿಗೆ "ಚೆನ್ನಾಗಿ ಶ್ರಮಪಟ್ಟಿದ್ದೀಯ" ಎಂದೂ ಹೇಳಲಾಯಿತು. ಆಮೇಲೆ ಬೇಕೆಂದೇ ಕಷ್ಟದ ಪ್ರಶ್ನೆ ಕೊಟ್ಟಾಗ, ಜಾಣ ಅನ್ನಿಸಿಕೊಂಡ ಮಕ್ಕಳೇ ಬೇಗ ಕುಗ್ಗಿದರು. ಜಾಣತನಕ್ಕೇ ಶಹಬ್ಬಾಸ್ ಸಿಕ್ಕಿದ್ದರೆ, ತಪ್ಪಾದಾಗ ತಾನು ದಡ್ಡ ಅಂತಲೇ ತಾನೇ ಮಗು ಅಂದುಕೊಳ್ಳುವುದು?

ಇನ್ನು "ಎಲ್ಲಾ ಸರಿ ಹೋಗುತ್ತೆ ಬಿಡು" ಅನ್ನುವ ಮಾತು. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಗೆಳತಿ ಮಾತು ಬಿಟ್ಟಳೆಂದು ಮಗು ಅಳುತ್ತಿರುವಾಗ ಅದು ಬಾಗಿಲು ಹಾಕಿದ ಹಾಗಿರುತ್ತೆ. ಮೊದಲು ಅಳಲಿ. ಪಕ್ಕದಲ್ಲಿ ಕೂತಿರಿ. ಆಮೇಲೆ, "ಇವತ್ತು ಮಾತಾಡಲಿಲ್ಲವಾ, ಯಾವಾಗಲೂ ಹಾಗೇನಾ?" ಎಂದು ಕೇಳಿ. ಬರೀ ಸಿಹಿ ಕನಸು ಕಂಡರೂ ಸಾಲದು. ತೂಕ ಇಳಿಸಲು ಹೊರಟ ಮಹಿಳೆಯರ ಬಗ್ಗೆ ಗೇಬ್ರಿಯೆಲ್ ಓಟ್ಟಿಂಗೆನ್ ಮತ್ತು ಥಾಮಸ್ ವಾಡನ್ 1991ರಲ್ಲಿ ವರದಿ ಮಾಡಿದರು. ಆಗುತ್ತೆ ಎಂಬ ಭರವಸೆ ಇದ್ದವರ ತೂಕ ಜಾಸ್ತಿ ಇಳಿಯಿತು. ಎಲ್ಲ ಸುಲಭವಾಗಿ ಆಗಿಹೋದ ಹಾಗೆ ಕಲ್ಪನೆ ಮಾಡಿಕೊಂಡವರದು ಕಡಿಮೆ ಇಳಿಯಿತು. ಭರವಸೆ ಇಟ್ಟವರು ದಾರಿಯಲ್ಲಿರುವ ಕಲ್ಲನ್ನೂ ನೋಡಬೇಕು.

ಶಾಲೆಯಲ್ಲಿ ನಾವೂ ಬದಲಾಗುತ್ತಿದ್ದೇವೆ. ರಿಪೋರ್ಟ್ ಕಾರ್ಡಿನಲ್ಲಿ "ಗಣಿತದಲ್ಲಿ ಹಿಂದೆ" ಎಂದು ನಾನೇ ಎಷ್ಟೋ ಸಲ ಬರೆದಿದ್ದೇನೆ. ಆ ಎರಡು ಪದದಿಂದ ಯಾವ ಮಗುವಿಗೂ ಮುಂದೇನು ಮಾಡಬೇಕೆಂದು ತಿಳಿಯಲಿಲ್ಲ. ಈ ಸಲದಿಂದ ಏನು ಬಂದಿದೆ, ಎಲ್ಲಿ ಎಡವುತ್ತಿದೆ, ಮುಂದಿನ ಹೆಜ್ಜೆ ಏನು ಎಂದು ಬರೆಯುತ್ತೇವೆ. ನೀವೂ "ನನಗೂ ಲೆಕ್ಕ ಬರ್ತಿರಲಿಲ್ಲ, ಇವಳಿಗೆ ಎಲ್ಲಿಂದ ಬರುತ್ತೆ" ಅನ್ನುವುದನ್ನು ದಯವಿಟ್ಟು ಬಿಡಿ. ಸಮಾಧಾನಕ್ಕೆಂದು ಹೇಳಿದರೂ ಮಗುವಿಗೆ ಅದು ತೀರ್ಪಿನ ಹಾಗೆ ಕೇಳುತ್ತೆ.

ಒಂದು ಎಚ್ಚರಿಕೆ. ಮಗು ಎರಡು ವಾರಕ್ಕೂ ಮೀರಿ ಮಂಕಾಗಿದ್ದರೆ, ಆಟ, ಊಟ, ನಿದ್ದೆ ಯಾವುದೂ ಬೇಡವಾಗಿದ್ದರೆ, ಬುದ್ಧಿ ಹೇಳಿ ಕಾಯುತ್ತಾ ಕೂರಬೇಡಿ. ವೈದ್ಯರ ಬಳಿ ಕರೆದುಕೊಂಡು ಹೋಗಿ, ನಮಗೂ ತಿಳಿಸಿ.

ಮುಂದಿನ ಪೋಷಕರ ಸಭೆಗೆ ಬರುವಾಗ, ಸೋತಾಗ ನಿಮ್ಮ ಮಗು ಹೇಳುವ ಒಂದು ಮಾತನ್ನು ಅದರದೇ ಪದಗಳಲ್ಲಿ ಚೀಟಿಯಲ್ಲಿ ಬರೆದು ತನ್ನಿ. ಹೆಸರು ಬೇಡ. ಎಲ್ಲರೂ ಕೂತು ಓದೋಣ. ನಾಲ್ಕನೇ ತರಗತಿಯ ಆ ಹುಡುಗಿ ತನ್ನ ನೋಟ್‌ಬುಕ್ಕಿನ ಹರಿದ ಹಾಳೆಗೆ ಹಿಂದಿನಿಂದ ಕಾಗದ ಅಂಟಿಸಿ, ಅದರ ಮೇಲೇ 216 ಎಂದು ಬರೆದಿದ್ದಾಳೆ.

ಇಂತಿ,
ನಿಮ್ಮ ವಿಶ್ವಾಸಿ
ಮುಖ್ಯ ಶಿಕ್ಷಕಿ