ಪುಣ್ಯಸ್ಮರಣೆಯಲ್ಲಿ ಆಕೆಯ ಕೆಲಸಕ್ಕೂ ಜಾಗ ಇರಲಿ

ಸಂಪಾದಕರಿಗೆ,

ಮಾನ್ಯರೇ,

ನಿಧನ ವಾರ್ತೆಗಳಲ್ಲಿ, ಪುಣ್ಯಸ್ಮರಣೆಯ ಜಾಹೀರಾತುಗಳಲ್ಲಿ ತಾಯಂದಿರ ಬಗ್ಗೆ ಬರುವ ನಾಲ್ಕು ಸಾಲು ಎಲ್ಲರಿಗೂ ಬಾಯಿಪಾಠವಾಗಿವೆ. ಇಂಥವರ ಧರ್ಮಪತ್ನಿ, ಸಾಧ್ವಿ, ಇಬ್ಬರು ಪುತ್ರರು, ಮೂವರು ಪುತ್ರಿಯರು, ಮೊಮ್ಮಕ್ಕಳು, ಅಪಾರ ಬಂಧುಬಳಗ. ಅಂತ್ಯಕ್ರಿಯೆ ಸ್ವಗ್ರಾಮದ ಹೊಲದಲ್ಲಿ. ಹೆಸರು ತೆಗೆದು ಬೇರೆಯವರ ಹೆಸರು ಹಾಕಿದರೂ ಈ ಸಾಲುಗಳು ಹಾಗೆಯೇ ಹೊಂದುತ್ತವೆ. ಗಂಡಸರು ತೀರಿಕೊಂಡರೆ ಸೊಸೈಟಿ ಅಧ್ಯಕ್ಷ, ನಿವೃತ್ತ ಶಿಕ್ಷಕ, ಪ್ರಗತಿಪರ ರೈತ ಎಂದು ಏನಾದರೂ ಒಂದು ಕೆಲಸ ಬರೆಯುತ್ತೇವೆ. ಐವತ್ತು ಅರವತ್ತು ವರ್ಷ ಮನೆಯನ್ನು ಹೊತ್ತು ನಡೆಸಿದವಳ ಕೆಲಸಕ್ಕೆ ಒಂದು ಸಾಲೂ ಸಿಗುವುದಿಲ್ಲ. ಇದು ಬದಲಾಗಬೇಕು.

ಸಾವಿನ ಮನೆಯಲ್ಲಿ ಕೂತು ಬರೆಯುವ ತ್ರಾಣ ಯಾರಿಗೂ ಇರುವುದಿಲ್ಲ, ಒಪ್ಪತಕ್ಕದ್ದೇ. ಆದರೆ ವರ್ಷದ ಪುಣ್ಯಸ್ಮರಣೆಗೆ ಸಾಕಷ್ಟು ಸಮಯವಿರುತ್ತದೆ. ಆಕೆ ಇರುವಾಗಲೇ ಕೇಳಿ ಬರೆದಿಟ್ಟುಕೊಂಡರೆ ಇನ್ನೂ ಒಳ್ಳೆಯದು.

ಮೊದಲು ಹೆಸರಿನ ಮಾತು. ನಮ್ಮ ಕಡೆ ಎಷ್ಟೋ ಮನೆತನಗಳಲ್ಲಿ ಮದುವೆಯ ಹೊತ್ತಿಗೆ ಸೊಸೆಯ ಹೆಸರು ಬದಲಿಸುವ ರೂಢಿ ಇತ್ತು. ತವರಿನವರು ಕರೆಯುವುದು ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಒಂದು, ಪಹಣಿಯಲ್ಲಿ ಇನ್ನೊಂದು. ಅತ್ತೆಮನೆಯ ಹೆಸರಷ್ಟೇ ಅಚ್ಚಾದರೆ ತವರೂರಿನಲ್ಲಿ ಪತ್ರಿಕೆ ಓದಿದವರಿಗೆ ಹೋದವಳು ತಮ್ಮೂರ ಮಗಳೆಂದು ಗೊತ್ತೇ ಆಗುವುದಿಲ್ಲ. ಎರಡೂ ಹೆಸರು, ತವರೂರು, ಆಕೆಯ ತಂದೆ-ತಾಯಿಯ ಹೆಸರು ಬರೆಯಬೇಕು. ಹೆಸರಿನ ಗೊಂದಲ ಮರಣ ಪ್ರಮಾಣಪತ್ರದಲ್ಲೂ ಕಾಡುತ್ತದೆ. ಮರಣವನ್ನು 21 ದಿನಗಳೊಳಗೆ ನೋಂದಾಯಿಸಬೇಕು. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕಾಗುತ್ತದೆ. ಅರ್ಜಿಯಲ್ಲಿ ಆಧಾರ್‌ನಲ್ಲಿದ್ದ ಹಾಗೆ ಅಕ್ಷರಕ್ಕೆ ಅಕ್ಷರ ಹೆಸರು ಬರೆಯಿರಿ. ಇಲ್ಲದಿದ್ದರೆ ವಾರಸಾ, ಬ್ಯಾಂಕ್ ಕೆಲಸಗಳೆಲ್ಲ ಅಲ್ಲಿಗೇ ನಿಲ್ಲುತ್ತವೆ.

ಹುಟ್ಟಿದ ವರ್ಷ ತಿಳಿಯುವುದು ಇನ್ನೂ ಕಷ್ಟ. ಆಧಾರ್‌ನಲ್ಲಿ ಅನೇಕ ಹಿರಿಯರದು ಜನವರಿ 1. ಅದು ಅಂದಾಜಿನ ತಾರೀಖು. ಹಿರಿಮಗನ ಶಾಲಾ ದಾಖಲೆ ನೋಡಿ ಲೆಕ್ಕ ಹಾಕೋಣವೆಂದರೆ ಅಲ್ಲಿ ಜೂನ್ 1 ಎಂದಿರುತ್ತದೆ. ಶಾಲೆಗೆ ಸೇರಿಸುವಾಗ ಮಾಸ್ತರರು ತಾವೇ ಬರೆದದ್ದು. ಇದಕ್ಕಿಂತ ನಮ್ಮ ನೆಲದ ಘಟನೆಗಳನ್ನು ಹಿಡಿದು ಕೇಳುವುದು ಲೇಸು. ಹೈದರಾಬಾದ್ ನಿಜಾಮನ ಕಾಲದ ರಜಾಕಾರರ ಗಲಾಟೆಯಲ್ಲಿ, ಅಂದರೆ 1948ರಲ್ಲಿ, ಆಕೆ ಕಂಕುಳ ಕೂಸೋ, ಓಡಾಡುವ ಹುಡುಗಿಯೋ? 1957ರಲ್ಲಿ ನಯಾ ಪೈಸೆ ಬಂದಾಗ ಮದುವೆ ಆಗಿತ್ತೋ? 1972ರ ಬರಗಾಲದಲ್ಲಿ ಎಷ್ಟು ಮಕ್ಕಳಿದ್ದರು, ಬರಪರಿಹಾರದ ಕಾಮಗಾರಿಗೆ ಕೂಲಿಗೆ ಹೋಗಿದ್ದಳೋ? 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಮಹಾರಾಷ್ಟ್ರದ ಕಿಲ್ಲಾರಿಯ ಭೂಕಂಪಕ್ಕೆ ಬೀದರ್, ಆಳಂದದ ಕಡೆ ಜನ ಎದ್ದು ಹೊರಗೆ ಓಡಿದಾಗ ಮನೆಯಲ್ಲಿ ಯಾರ್ಯಾರಿದ್ದರು? ಇಂಥ ಮೂರು ಉತ್ತರ ಸಿಕ್ಕರೆ ಎರಡು ವರ್ಷದ ಹೆಚ್ಚುಕಡಿಮೆಯಲ್ಲಿ ವಯಸ್ಸು ನಿಲುಕುತ್ತದೆ. ಅದನ್ನು ‘ಸುಮಾರು’ ಎಂದೇ ಬರೆಯಿರಿ.

ಮುಖ್ಯವಾದದ್ದು ಆಕೆಯ ಕೈಕೆಲಸ. ಹತ್ತು ಮಂದಿಯ ಮನೆ, ದಿನಕ್ಕೆ ನಲವತ್ತು ಜೋಳದ ರೊಟ್ಟಿ ಎಂದಿಟ್ಟುಕೊಳ್ಳಿ. ಕಿಲೋ ಹಿಟ್ಟಿಗೆ ಹದಿಮೂರರ ಹಾಗೆ ಮೂರು ಕಿಲೋ ಹಿಟ್ಟು. ವರ್ಷಕ್ಕೆ 14,600 ರೊಟ್ಟಿ. ಐವತ್ತು ವರ್ಷಕ್ಕೆ 7,30,000. ಅದನ್ನು ಮಾಡುವುದರಲ್ಲಿ ವಿದ್ಯೆ ಎಷ್ಟಿದೆ ನೋಡಿ. ಜೋಳಕ್ಕೆ ಗೋಧಿಯ ಅಂಟು ಇಲ್ಲ. ಕುದಿಯುವ ಎಸರು ಬಿದ್ದು ಹಿಟ್ಟು ಅರೆಬೆಂದರೆ ಮಾತ್ರ ಹಿಡಿತ ಬರುತ್ತದೆ. ನೀರು ಬರೀ ಬೆಚ್ಚಗಿದ್ದರೆ ಬಡಿಯುವಾಗ ಅಂಚು ಸೀಳುತ್ತದೆ. ಗಿರಣಿಯಿಂದ ತಂದು ಬಹಳ ದಿನವಾದ ಹಿಟ್ಟಿಗೆ ಜಿಗಿ ಇರುವುದಿಲ್ಲ. ಅಂಥದಕ್ಕೆ ಸ್ವಲ್ಪ ಹಿಟ್ಟನ್ನು ಎಸರಿನಲ್ಲೇ ಕುದಿಸಿ ಉಳಿದದ್ದರ ಜೊತೆ ನಾದುತ್ತಾರೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ನೀರು ಸವರಿ, ಆ ನೀರಿನ ಹೊಳಪು ಹೋಗುತ್ತಲೇ ಮಗುಚಬೇಕು. ಮೊದಲೇ ಮಗುಚಿದರೆ ಹಂಚಿಗೆ ಹತ್ತುತ್ತದೆ, ತಡವಾದರೆ ಮೇಲ್ಮೈ ಬಿರಿದು ಉಬ್ಬುವುದಿಲ್ಲ. ಒಂದು ಕೈ ಬಡಿಯುತ್ತಿರುವಾಗಲೇ ಕಣ್ಣು ಹಂಚಿನ ಮೇಲಿರಬೇಕು, ಕಿವಿ ತೊಟ್ಟಿಲ ಕಡೆ.

ತೊಗರಿಯೂ ಹಾಗೆಯೇ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು, ಹೆಮ್ಮೆಯ ಸಂಗತಿ. ಆದರೆ ಗಿರಣಿಗಳು ಬರುವ ಮೊದಲು ಬೇಳೆ ಮಾಡುತ್ತಿದ್ದವರು ಮನೆಯ ಹೆಂಗಸರು. ಕಾಳು ನೆನೆಸಿ, ಕೆಮ್ಮಣ್ಣಿನ ರಾಡಿ ಹಚ್ಚಿ, ರಾತ್ರಿ ರಾಶಿ ಹಾಕಿ, ಎರಡು ಮೂರು ಬಿಸಿಲು ಒಣಗಿಸಿ, ಮಣ್ಣು ಸೋಸಿ ಬೀಸುಕಲ್ಲಿಗೆ ಹಾಕುತ್ತಿದ್ದರು. ಒಣಗುವುದು ಕಮ್ಮಿಯಾದರೆ ಸಿಪ್ಪೆ ಬಿಡುವುದಿಲ್ಲ, ಮೋಡ ಮುಸುಕಿದ ದಿನ ಈ ಕೆಲಸ ಹಿಡಿಯುತ್ತಿರಲಿಲ್ಲ. ಈ ತಿಳಿವಳಿಕೆ ಇದ್ದ ಕೊನೆಯ ತಲೆಮಾರು ಈಗ ಎಂಬತ್ತರ ಮೇಲಿದೆ. ಕೌದಿ ಹೊಲಿಗೆ, ಬಾಣಂತನ, ಎಳ್ಳ ಅಮಾವಾಸ್ಯೆಯ ಭಜ್ಜಿ ಎಂಬ ಕಾಳುಗಳ ಪಲ್ಯಕ್ಕೆ ಯಾವ್ಯಾವ ಕಾಳು ಎಂಬ ಲೆಕ್ಕ, ಇವೂ ಅವರ ಹತ್ತಿರವೇ ಇವೆ.

ಕೇಳುವ ಬಗೆಯೂ ಮುಖ್ಯ. ‘ಆಯಿ, ನಿಮ್ಮ ಜೀವನದ ಬಗ್ಗೆ ಹೇಳ್ರಿ’ ಎಂದರೆ ‘ಏನದ ಹೇಳೂದು’ ಎಂದು ಸುಮ್ಮನಾಗುತ್ತಾರೆ. ಕೈಗೆ ಕೆಲಸ ಕೊಟ್ಟು ಕೇಳಿ; ಕಾಳು ಆರಿಸುತ್ತ, ಬತ್ತಿ ಹೊಸೆಯುತ್ತ ಮಾತು ತಾನಾಗಿ ಬರುತ್ತದೆ. ಮೊಬೈಲನ್ನು ಒಂದು ಗೇಣಿನ ದೂರದಲ್ಲಿ ಮಡಚಿದ ಬಟ್ಟೆಯ ಮೇಲಿಡಿ, ಫ್ಯಾನ್ ಆರಿಸಿ, ಕರೆ ಬಂದು ರೆಕಾರ್ಡಿಂಗ್ ಕೆಡದಂತೆ ಫ್ಲೈಟ್ ಮೋಡ್ ಹಾಕಿ. ಅರ್ಧ ಗಂಟೆಗೆ ನಿಲ್ಲಿಸಿ, ದಣಿಸಬೇಡಿ. ಬರೆದುಕೊಳ್ಳುವಾಗ ಅವರ ಮಾತನ್ನು ಪುಸ್ತಕದ ಕನ್ನಡಕ್ಕೆ ತಿದ್ದಬೇಡಿ. ಹಳೆಯ ಫೋಟೊ ತೋರಿಸಿ, ಯಾರ್ಯಾರೆಂದು ಹಿಂಬದಿಗೆ ಪೆನ್ಸಿಲ್‌ನಲ್ಲಿ ಬರೆಯಿರಿ. ಪೆನ್ನಿನ ಮಸಿ ಮುಂದಕ್ಕೆ ಇಳಿಯುತ್ತದೆ.

ಆಕೆ ಈಗಾಗಲೇ ಇಲ್ಲವಾಗಿದ್ದರೆ ಮಕ್ಕಳನ್ನಷ್ಟೇ ಕೇಳಿ ಬಿಡಬೇಡಿ. ಮಕ್ಕಳು ಕಂಡದ್ದು ಅವ್ವನನ್ನು. ಹೊಸ ಸೊಸೆಯಾಗಿ ಬಂದ ಹುಡುಗಿಯನ್ನು ಕಂಡವರು ನೆಗೆಣ್ಣಿ, ನಾದಿನಿ, ಓಣಿಯ ಗೆಳತಿ. ತವರಿನ ತಮ್ಮನಿಗೆ ಇನ್ನೂ ಬೇರೆಯದೇ ಗೊತ್ತಿರುತ್ತದೆ.

ಇನ್ನೊಂದು ಮಾತು. ಜಾಹೀರಾತಿನಲ್ಲಿ ಉಳಿದ ಮಕ್ಕಳನ್ನಷ್ಟೇ ಎಣಿಸುತ್ತೇವೆ. ಆ ಕಾಲದ ತಾಯಂದಿರಲ್ಲಿ ಎಳೆಗೂಸನ್ನು ಮಣ್ಣಿಗಿಟ್ಟವರು ಬಹಳ ಮಂದಿ, ಆ ಕೂಸುಗಳ ಹೆಸರನ್ನು ಅವರು ಮರೆತಿರುವುದಿಲ್ಲ. ಅದನ್ನು ಮೊದಲ ದಿನವೇ ಕೇಳಬಾರದು. ಆಕೆಯೇ ಹೇಳಿದರೆ ಕೇಳಬೇಕು, ಬರೆಯಬೇಡ ಎಂದರೆ ಬರೆಯಬಾರದು.

ತಮ್ಮಲ್ಲಿ ವಿನಂತಿ ಇಷ್ಟೇ. ಜಾಹೀರಾತು ತೆಗೆದುಕೊಳ್ಳುವ ಏಜೆಂಟರ ಹತ್ತಿರ ಒಂದು ಚಿಕ್ಕ ಚೀಟಿ ಇರಲಿ: ತವರಿನ ಹೆಸರು, ತವರೂರು, ಆಕೆ ಯಾವ ಕೆಲಸದಲ್ಲಿ ಕೈ ಪಳಗಿಸಿಕೊಂಡಿದ್ದರು, ಅದನ್ನು ಯಾರಿಗೆ ಕಲಿಸಿದರು. ‘ಸಾಧ್ವಿ, ಸುಶೀಲೆ’ ಇರುವ ಜಾಗದಲ್ಲೇ ಈ ಉತ್ತರಗಳು ಹಿಡಿಸುತ್ತವೆ, ಕಾಲಂ ಬೆಳೆಯುವುದಿಲ್ಲ, ಮನೆಯವರಿಗೆ ಖರ್ಚೂ ಹೆಚ್ಚುವುದಿಲ್ಲ. ವಾರಕ್ಕೊಮ್ಮೆ ಜಿಲ್ಲಾ ಪುಟದಲ್ಲಿ ಓದುಗರು ಬರೆದ ಇಂಥ ಒಂದು ನೆನಪಿಗೆ ಇನ್ನೂರು ಪದಗಳ ಜಾಗ ಕೊಟ್ಟರೆ ಕಲಬುರಗಿ, ಬೀದರ್, ಯಾದಗಿರಿಯ ಹಳ್ಳಿಗಳಿಂದ ಬರೆಯುವವರಿಗೆ ಕೊರತೆ ಆಗದು.

— ಓದುಗರು, ಆಳಂದ, ಕಲಬುರಗಿ ಜಿಲ್ಲೆ