ಒಪ್ಪಿಗೆ ಶುಲ್ಕದ ಬಿಲ್ ಬಂದವರ ಗಮನಕ್ಕೆ

ಇಂಗ್ಲೆಂಡಿನಲ್ಲಿ ಲೀಸ್‌ಹೋಲ್ಡ್ (ದೀರ್ಘಾವಧಿ ಗುತ್ತಿಗೆಯ) ಫ್ಲ್ಯಾಟ್ ಹೊಂದಿರುವ ಸದಸ್ಯರಿಗೆ ನಮಸ್ಕಾರ. ಬಾಡಿಗೆಗೆ ಕೊಡಲು ಒಪ್ಪಿಗೆ, ತಡವಾದ ಪಾವತಿಗೆ ದಂಡ, ದಾಖಲೆಯ ಪ್ರತಿ ಎಂದು ಭೂಮಾಲೀಕರು ಕೇಳುವ ಹಣ ಕಟ್ಟಡದ ನಿರ್ವಹಣೆಗೆಂದು ಕೊಡುವ ಸೇವಾ ಶುಲ್ಕವಲ್ಲ, ಆಡಳಿತ ಶುಲ್ಕ. ಇದಕ್ಕೆ 2002ರ ಕಾಮನ್‌ಹೋಲ್ಡ್ ಮತ್ತು ಲೀಸ್‌ಹೋಲ್ಡ್ ಸುಧಾರಣಾ ಕಾಯ್ದೆಯ 11ನೇ ಅನುಸೂಚಿ ಅನ್ವಯಿಸುತ್ತದೆ.

ಮೊದಲು ಬಿಲ್ಲಿನ ಹಿಂಬದಿ ನೋಡಿ. ನಿಮ್ಮ ಹಕ್ಕು ಮತ್ತು ಹೊಣೆಗಳ ಸಾರಾಂಶ ಜೊತೆಗಿಲ್ಲದಿದ್ದರೆ, ಅದು ಬರುವವರೆಗೆ ಹಣ ತಡೆಹಿಡಿಯಬಹುದು. ಆಮೇಲೆ ಲೀಸ್ (ಗುತ್ತಿಗೆ ಕರಾರು) ಓದಿ. ಶುಲ್ಕ ಕೇಳಲು ಅದರಲ್ಲಿ ಆಧಾರವೇ ಇಲ್ಲದಿರಬಹುದು.

ಮೊತ್ತ ಲೀಸಿನಲ್ಲಿ ನಿಗದಿಯಾಗಿಲ್ಲದಿದ್ದರೆ, ಸಮಂಜಸವಾದಷ್ಟನ್ನು ಮಾತ್ರ ಕೊಡಬೇಕು. ಎಷ್ಟು ಎಂಬುದನ್ನು ಫಸ್ಟ್-ಟಿಯರ್ ನ್ಯಾಯಮಂಡಳಿಯ ಆಸ್ತಿ ವಿಭಾಗ ತೀರ್ಮಾನಿಸುತ್ತದೆ. 2012ರ ಒಂದು ಪ್ರಕರಣದಲ್ಲಿ ಮೇಲ್ಮನವಿ ಕೇಳುವ ಅಪ್ಪರ್ ಟ್ರಿಬ್ಯುನಲ್ ಬಾಡಿಗೆ ಒಪ್ಪಿಗೆಗೆ 40 ಪೌಂಡ್ ಮತ್ತು ವ್ಯಾಟ್ ಸಾಕೆಂದಿತು. ಅದೇ ಎಲ್ಲರಿಗೂ ದರಪಟ್ಟಿಯಲ್ಲ, ಆದರೂ ನೂರಾರು ಪೌಂಡ್ ಕೇಳುವವರ ಮುಂದೆ ಇಡಲು ಒಳ್ಳೆಯ ಅಸ್ತ್ರ. ಲೀಸಿನಲ್ಲೇ ಮೊತ್ತ ಬರೆದಿದ್ದರೆ ದಾರಿ ಬೇರೆ: ಆ ಮೊತ್ತ ಅಸಮಂಜಸವೆಂದು ತೋರಿಸಿ ಲೀಸನ್ನೇ ಬದಲಿಸಲು ನ್ಯಾಯಮಂಡಳಿಯನ್ನು ಕೋರಬೇಕು.

ಹೆದರಿ ಹಣ ಕಟ್ಟಿಬಿಟ್ಟವರು ಕೈಚೆಲ್ಲಬೇಡಿ. ಕಟ್ಟಿದ ಮಾತ್ರಕ್ಕೆ ಒಪ್ಪಿಕೊಂಡಂತೆ ಆಗುವುದಿಲ್ಲ. ಆದರೆ ‘ಒಪ್ಪಿದ್ದೇನೆ’ ಎಂದು ಇಮೇಲ್ ಬರೆದರೆ ಬಾಗಿಲು ಮುಚ್ಚಬಹುದು. ‘ಆಕ್ಷೇಪಣೆಯೊಂದಿಗೆ ಪಾವತಿ’ ಎಂದು ಬರೆಯಿರಿ. ಭೂಮಾಲೀಕರು ವಕೀಲರ ವೆಚ್ಚವನ್ನು ನಿಮ್ಮ ತಲೆಗೆ ಕಟ್ಟದಂತೆ 11ನೇ ಅನುಸೂಚಿಯ 5ಎ ಪರಿಚ್ಛೇದದಡಿ, ನ್ಯಾಯಮಂಡಳಿಗೆ ಹಾಕುವ ಅರ್ಜಿಯ ಜೊತೆಗೇ ಆದೇಶ ಕೋರುವುದನ್ನು ಮರೆಯಬೇಡಿ.

ವೇಲ್ಸ್‌ನಲ್ಲಿರುವವರಿಗೆ ನ್ಯಾಯಮಂಡಳಿ ಬೇರೆ. ಬಿಲ್ಲನ್ನು ಗುಂಪಿಗೆ ಹಾಕುವ ಮುನ್ನ ಹೆಸರು, ವಿಳಾಸ ಮರೆಮಾಡಿ.